ದರ್ಜಿಯ ಬೆನ್ನಿಗೆ ಬಿಸಿಲು

ನಮ್ಮವರ ಬೆನ್ನು ಕಪ್ಪಾಗಿದೆ ಎಂಬುದು ನನ್ನ ಕಣ್ಣಿಗೆ ಬಿದ್ದದ್ದು ಹೋದ ಚಳಿಗಾಲದ ಒಂದು ಭಾನುವಾರ, ಬಚ್ಚಲಲ್ಲಿ. ಎಣ್ಣೆಯ ಬಟ್ಟಲು ಹಿಡಿದು ಅವರ ಹಿಂದೆ ನಿಂತಿದ್ದೆ. ಕೈ ಬೆನ್ನಿಗೆ ಮುಟ್ಟುವ ಮೊದಲೇ ಗಾಳಿಯಲ್ಲಿ ನಿಂತುಬಿಟ್ಟಿತು.

ಗಂಡನ ಬೆನ್ನು ಕಪ್ಪಾದರೆ ಇವಳಿಗೇನು ಕಷ್ಟ ಎಂದು ನೀವು ಕೇಳಬಹುದು. ನಮ್ಮವರು ಬಸವಕಲ್ಯಾಣದ ಪೇಟೆಯಲ್ಲಿ ದರ್ಜಿ, ಗಂಡಸರ ಪ್ಯಾಂಟು ಶರ್ಟು ಮಾತ್ರ ಹೊಲಿಯುವವರು. ಅಂಗಡಿ ಇರುವುದು ಒಂದು ಬಟ್ಟೆ ಅಂಗಡಿಯ ಕೆಳಗಿನ ನೆಲಮಾಳಿಗೆಯಲ್ಲಿ. ಬೆಳಿಗ್ಗೆ ಮೆಟ್ಟಿಲು ಇಳಿದರೆಂದರೆ ಊಟಕ್ಕೂ ಮೇಲೆ ಬರುವುದಿಲ್ಲ, ಡಬ್ಬಿ ಅಲ್ಲಿಗೇ ಹೋಗುತ್ತದೆ. ಟ್ಯೂಬ್‌ಲೈಟೇ ಅವರ ಸೂರ್ಯ. ಮೈಮೇಲೆ ಬನಿಯನ್, ಅದರ ಮೇಲೆ ಮುಂಗೈಯವರೆಗೆ ಗುಂಡಿ ಹಾಕಿದ ತುಂಬುತೋಳಿನ ಅಂಗಿ, ಕುತ್ತಿಗೆಯ ಗುಂಡಿಯೂ ಬಿಗಿ. ದರ್ಜಿಯ ಮೈಮೇಲಿನ ಅಂಗಿಯೇ ಅವನ ಬೋರ್ಡು ಎಂಬುದು ಅವರ ಮಾತು. ಬೇಸಿಗೆಯಲ್ಲಿ ಕರೆಂಟು ಹೋದಾಗಲೂ ಅವರು ಒಂದು ಗುಂಡಿ ಬಿಚ್ಚಿದ್ದನ್ನು ನಾನು ಕಂಡಿರಲಿಲ್ಲ. ಹೀಗಾಗಿ ಅವರ ಬೆನ್ನು ಸಿಪ್ಪೆ ಸುಲಿದ ಆಲೂಗಡ್ಡೆಯ ಹಾಗೆ ಬೆಳ್ಳಗೆ ಇತ್ತು. ಬಗ್ಗಿ ಬಗ್ಗಿ ಹೊಲಿದು ನೋಯುವ ಆ ಬೆನ್ನಿಗೆ ಐದು ವರ್ಷದಿಂದ ವಾರವಾರ ಎಣ್ಣೆ ಹಚ್ಚುವವಳು ನಾನು. ಅದರ ಬಣ್ಣ ನನಗೆ ಗೊತ್ತಿಲ್ಲವೇ?

ಆ ಭಾನುವಾರ ಅದು ಕುತ್ತಿಗೆಯಿಂದ ಸೊಂಟದವರೆಗೆ ಹುರಿದ ಗೋಧಿಯ ಬಣ್ಣಕ್ಕೆ ತಿರುಗಿತ್ತು. ಪ್ಯಾಂಟಿನ ಪಟ್ಟಿ ಕೂಡುವಲ್ಲಿ ಗೆರೆ ಎಳೆದ ಹಾಗೆ ನಿಂತು, ಕೆಳಗೆ ಮತ್ತೆ ಹಳೆಯ ಬಿಳುಪು. ಕೊರಳ ಗುಂಡಿಯನ್ನೂ ಬಿಚ್ಚದ ಗಂಡಸು ಮಟಮಟ ಮಧ್ಯಾಹ್ನ ಎಲ್ಲಿ ಅಂಗಿ ಬಿಚ್ಚುತ್ತಾನೆ? ಯಾರ ಮುಂದೆ ಬಿಚ್ಚುತ್ತಾನೆ?

"ಬೆನ್ನ ಯಾಕ ಕರ‍್ರಗ ಆಗ್ಯಾದ್ರಿ?" ಎಂದೆ.

ಅವರು ಗಬಕ್ಕನೆ ಟವೆಲ್ಲು ಹೊದ್ದುಕೊಂಡರು. "ಎಣ್ಣಿ ಹಚ್ಚಿ ಹಚ್ಚಿ ಹಂಗ ಆಗಿರಬೇಕು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹೆಂಡತಿಯ ಮುಂದೆ ಬೆನ್ನು ಮುಚ್ಚಿಕೊಳ್ಳುವ ಗಂಡನನ್ನು ನಾನು ಅಂದೇ ಮೊದಲು ನೋಡಿದ್ದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಹುಟ್ಟಾ ಶಕ್ಕಿನವಳು, ಎಲ್ಲದರಲ್ಲೂ ಸಂಶಯ. ತವರೂರು ಮಂಠಾಳದ ಸಂತೆಯಲ್ಲಿ ತಕ್ಕಡಿಯ ತಳಕ್ಕೆ ಹುಣಸೆಹಣ್ಣು ಮೆತ್ತಿ ತೂಗುವವರನ್ನು ಅವ್ವನ ಪಕ್ಕದಲ್ಲಿ ನಿಂತು ಹಿಡಿದುಕೊಟ್ಟೇ ಬೆಳೆದವಳು. ಮದುವೆಯಾಗಿ ಬಂದ ಮೇಲೆ ಮನೆಯಲ್ಲೇ ಕೂತು ನಮ್ಮವರ ಅಂಗಡಿಯ ಕಾಜಾ, ಗುಂಡಿಯ ಕೆಲಸ ಮಾಡುತ್ತೇನೆ. ಎಳೆ ಎಳೆ ನೋಡಿ ನೋಡಿ ಕಣ್ಣು ಇನ್ನಷ್ಟು ಚೂಪಾಗಿದೆ. ಅದರಲ್ಲೂ ಹೋದ ಚಳಿಗಾಲದಲ್ಲಿ ಶಕ್ಕು ಪಡಲು ನನಗೆ ಕಾರಣಗಳ ಬರವಿರಲಿಲ್ಲ.

ನಮಗೆ ಮಕ್ಕಳಾಗಿರಲಿಲ್ಲ. ಓಣಿಯ ಹೆಂಗಸರು ನೀರಿನ ನಳದ ಹತ್ತಿರ ಸಿಕ್ಕರೆ, "ಏನರ ಸುದ್ದಿ ಅದ ಏನವಾ?" ಎಂದು ನನ್ನ ಹೊಟ್ಟೆಯ ಕಡೆ ನೋಡುತ್ತಾ ಕೇಳುತ್ತಿದ್ದರು. ಅತ್ತೆ ಕೆಟ್ಟವರಲ್ಲ. ಆದರೆ ಮಕ್ಕಳಿಲ್ಲ ಎಂದರೆ ಅದು ಸೊಸೆಯ ಹೊಟ್ಟೆಯ ಸಮಾಚಾರ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಸಂಶಯ ಇರಲಿಲ್ಲ. ಚಿಟಗುಪ್ಪದ ಬೇರು ಅರೆದು ಕುಡಿಸಿದರು, ಮಠದ ಭಸ್ಮ ನಾಲಿಗೆಗೆ ಹಚ್ಚಿದರು, ಸೋಮವಾರದ ಉಪವಾಸ ಹಿಡಿಸಿದರು. ಊರಿನ ದವಾಖಾನೆಗೂ ಕರೆದುಕೊಂಡು ಹೋದರು. ಅಲ್ಲಿಯ ಹೆಣ್ಣು ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, "ಇಕಿಗಿ ಏನೂ ತೊಂದರಿ ಇಲ್ರಿ. ಮುಂದಿನ ಸಲ ಮನಿಯವರನ್ನ ಕರ್ಕೊಂಡು ಬರ‍್ರಿ" ಎಂದರು. ಅತ್ತೆ ದವಾಖಾನೆಯ ಮೆಟ್ಟಿಲು ಇಳಿಯುತ್ತಲೇ, "ಈ ಡಾಕ್ಟರ್ ಬಾಯಿಗಿ ಏನೂ ತಿಳಿಯಂಗಿಲ್ಲ. ಗಂಡಸರಿಗಿ ಏನ್ ಪರೀಕ್ಷಾ ಮಾಡ್ತಾರ" ಎಂದವರು ಮತ್ತೆ ಆ ಕಡೆ ಕಾಲಿಡಲಿಲ್ಲ.

ದೀಪಾವಳಿ ಮುಗಿದ ಮೇಲೆ ಅವರು ಒಂದು ದಿನ ಜೋಳ ಹಸನು ಮಾಡುತ್ತಾ, ಮೊರದಿಂದ ಕಣ್ಣೆತ್ತದೆ ಹೇಳಿದರು. "ಯುಗಾದಿ ತನಕ ನೋಡೂಣು ತಂಗಿ. ಆಮ್ಯಾಲ ನಿಮ್ಮ ಮಂಠಾಳದ ಹಿರಿಯರನ್ನ ಕರಸಬೇಕಾಗ್ತದ. ನಂಗೂ ಒಬ್ಬನೇ ಮಗ."

ಹಿರಿಯರನ್ನು ಕರೆಸುವುದು ಎಂದರೆ ಏನು ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನನ್ನನ್ನು ತವರಿಗೆ ಕಳಿಸಿ ಮಗನಿಗೆ ಇನ್ನೊಂದು ನೋಡುವುದು. ಚಿಟಗುಪ್ಪದಲ್ಲಿ ಅವರ ಅಣ್ಣನ ಕಡೆಯ ಒಂದು ಹುಡುಗಿ ಇದ್ದಳು. ಅವಳ ಮಾತು ನಮ್ಮ ಮನೆಯಲ್ಲಿ ಆಗಾಗ ಬೇಡದ ಕಡೆಯೆಲ್ಲ ಬರಲು ಶುರುವಾಗಿತ್ತು. ಆ ರಾತ್ರಿ ನಮ್ಮವರಿಗೆ ಹೇಳಿದೆ. ಅವರು ಗೋಡೆಯ ಕಡೆ ತಿರುಗಿ ಮಲಗಿದರು.

ಅದಾದ ಸ್ವಲ್ಪ ದಿನಕ್ಕೆ ಹಾಲು ಶುರುವಾಯಿತು. ಮನೆಗೆ ಬಂದಾಗಿನಿಂದ ನನಗೆ ಒಂದು ಕಪ್ ಚಹಾ ಮಾಡಿಕೊಡದ ಅತ್ತೆ, ಬೆಳಿಗ್ಗೆ ನಾನು ಮೈತೊಳೆದು ಬರುವಷ್ಟರಲ್ಲಿ ಕೈಯಲ್ಲಿ ಹಾಲಿನ ಗ್ಲಾಸು ಹಿಡಿದು ನಿಲ್ಲುತ್ತಿದ್ದರು. ಹಾಲಿಗೆ ಏನೋ ಕಿತ್ತಳೆ ಪೆಪ್ಪರಮಿಂಟಿನ ವಾಸನೆ, ತಳದಲ್ಲಿ ಕರಗದೆ ಉಳಿದ ರವೆಯಂಥ ಕಾಳು.

"ಏನ್ ಹಾಕೀರಿ ಇದರಾಗ?"

"ಸುಮ್ನ ಕುಡಿ. ಚಲೋದೇ ಹಾಕೀನಿ."

ಕೈಯಲ್ಲಿ ಶರಣಾರ್ಥಿ, ಕಂಕುಳಲ್ಲಿ ದೊಣ್ಣೆ. ಯುಗಾದಿಗೆ ಮನೆ ಬಿಡಿಸುತ್ತೇನೆ ಎಂದವರು ಈಗ ಹಾಲು ಕುಡಿಸುತ್ತಾರೆ ಎಂದರೆ ನಾನು ಏನು ತಿಳಿಯಬೇಕು? ನಮ್ಮ ಕಡೆ ಭಾನಾಮತಿಯ ಮಾತು ಆಡದ ಮನೆ ಇಲ್ಲ. ಮಾಟ ಮಂತ್ರವನ್ನು ನಾನು ನಂಬುವುದಿಲ್ಲ. ಆದರೆ ಮಾಟ ಮಾಡಿಸುವವರು ಇದ್ದಾರೆ ಎಂಬುದನ್ನು ನಂಬುತ್ತೇನೆ. ಒಂದು ದಿನ ಅತ್ತೆ ಆ ಕಡೆ ತಿರುಗಿದಾಗ ಹಾಲನ್ನು ಮಲ್ಲಿಗೆ ಕುಂಡಕ್ಕೆ ಸುರಿದು ನೋಡಿದೆ. ಗಿಡ ಬಾಡಲಿಲ್ಲ, ಇರುವೆ ಬಂದವು ಅಷ್ಟೇ. ಮರುದಿನದಿಂದ ಅತ್ತೆ ಗ್ಲಾಸು ಖಾಲಿಯಾಗುವ ತನಕ ಎದುರಿಗೇ ನಿಲ್ಲತೊಡಗಿದರು. ನಮ್ಮವರು ಪಕ್ಕದಲ್ಲೇ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದವರು, ನನ್ನ ಗ್ಲಾಸನ್ನು ಒಮ್ಮೆ ನೋಡುವರು, ನೋಡಿ ಕಣ್ಣು ತಪ್ಪಿಸುವರು. ಅವರಿಗೂ ಇದರಲ್ಲಿ ಪಾಲಿದೆ ಎಂದು ನನಗೆ ಖಾತ್ರಿಯಾಯಿತು.

ಹಾಲಿನ ಜೊತೆಗೆ ಹುಮನಾಬಾದೂ ಬಂತು. ಪ್ರತಿ ಗುರುವಾರ ಮಧ್ಯಾಹ್ನ ನಮ್ಮವರು ಅಂಗಡಿಯನ್ನು ಜೊತೆಯ ಕೆಲಸಗಾರರಿಗೆ ಬಿಟ್ಟು ಹುಮನಾಬಾದಿನ ಬಸ್ಸು ಹತ್ತುವರು. ಕೇಳಿದರೆ ಅಸ್ತರ್ ತರಬೇಕು ಎನ್ನುವರು. ಅಸ್ತರ್ ಎಂದರೆ ಪ್ಯಾಂಟಿನ ಒಳಗೆ ಕೊಡುವ ಬಟ್ಟೆ. ಅದು ಅವರ ನೆಲಮಾಳಿಗೆಯ ತಲೆಯ ಮೇಲಿನ ಅಂಗಡಿಯಲ್ಲೇ ಥಾನುಗಟ್ಟಲೆ ಸಿಗುತ್ತದೆ. "ಅಲ್ಲಿ ಸಸ್ತಾ" ಎನ್ನುವರು. ನಮ್ಮ ಮಂಚದ ಕೆಳಗೆ ಅಸ್ತರ್, ಟ್ರಂಕಿನ ಮೇಲೆ ಅಸ್ತರ್, ದೇವರ ಕೋಣೆಯ ಮೂಲೆಯಲ್ಲೂ ಅಸ್ತರ್. ಇಡೀ ತಾಲೂಕಿನ ಗಂಡಸರೆಲ್ಲ ಒಂದೇ ಸಲ ಪ್ಯಾಂಟು ಹೊಲಿಸಿದರೂ ಮುಗಿಯದಷ್ಟು ಇತ್ತು.

ಗುರುವಾರ ಸಂಜೆ ಅವರು ಬಿಚ್ಚಿಟ್ಟ ಬಟ್ಟೆಯನ್ನು ನಾನು ಮೂಸಿ ನೋಡುತ್ತಿದ್ದೆ. ಅತ್ತರಿನ ವಾಸನೆ ಬಂದಿದ್ದರೆ ಒಂದು ಲೆಕ್ಕ, ಬರುತ್ತಿದ್ದದ್ದು ಮಣ್ಣಿನ ವಾಸನೆ. ಪ್ಯಾಂಟಿನ ಅಂಚಿಗೆ ಉತ್ತರಾಣಿ ಮುಳ್ಳು. ಒಮ್ಮೆ ಜೇಬಿನಲ್ಲಿ, ಅವರ ತಂಬಾಕಿನ ಡಬ್ಬಿಯ ಪಕ್ಕದಲ್ಲಿ, ಹಸಿ ತೊಗರಿಕಾಯಿಯ ಸಿಪ್ಪೆ ಸಿಕ್ಕಿತು. ಹುಮನಾಬಾದಿನ ಯಾವ ಬಟ್ಟೆ ಅಂಗಡಿಯಲ್ಲಿ ಉತ್ತರಾಣಿ ಬೆಳೆಯುತ್ತದೆ? ಹೊಲದ ಮನೆಯವಳು ಯಾರೋ ಇದ್ದಾಳೆ, ಬಿಸಿಲಿಗೆ ಕೂಡಿಸಿ ತೊಗರಿಕಾಯಿ ಸುಲಿದು ಬಾಯಿಗೆ ಇಡುತ್ತಾಳೆ ಎಂದು ನಾನು ಮನಸ್ಸಿನಲ್ಲೇ ಅವಳಿಗೆ ಒಂದು ರೂಪ ಕೊಟ್ಟೆ. ಅವಳ ಮೂಗಿನಲ್ಲಿ ನತ್ತು ಕೂಡ ಇತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಹಾಲು ಕುಡಿದು ಗ್ಲಾಸು ಕೆಳಗಿಡುವಷ್ಟರಲ್ಲಿ ಹೊಟ್ಟೆ ತೊಳಸಿ ಬಂತು. ಬಚ್ಚಲಿಗೆ ಓಡಿ ಎಲ್ಲ ಕಾರಿಕೊಂಡೆ. ಕೆಲವು ದಿನದಿಂದ ಬಾಯಿ ಒಣಗುವುದು, ಊಟ ಸೇರದಿರುವುದು ಇದ್ದೇ ಇತ್ತು. ಮುಖ ತೊಳೆದು ತಿರುಗಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಅವರ ಮುಖ ನಾನು ಹಿಂದೆಂದೂ ನೋಡದ ಹಾಗೆ ಅರಳಿತ್ತು.

"ಎಷ್ಟ ದಿನಾ ಆತು?" ಎಂದು ಮೆಲ್ಲಗೆ ಕೇಳಿದರು.

ನಾನು ಬೆರಳು ಮಡಚಿ ಎಣಿಸಿದೆ. ಮುಟ್ಟಿನ ದಿನ ದಾಟಿ ನಾಲ್ಕೈದು ದಿನ ಮೇಲಾಗಿತ್ತು ನಿಜ. ಅಷ್ಟು ಹೇಳಿದ್ದೇ ತಡ, ಅತ್ತೆ ನನ್ನನ್ನು ಕೈ ಹಿಡಿದು ಮಂಚದ ಮೇಲೆ ಕೂಡಿಸಿ, ಬೆಲ್ಲ ತಂದು ಬಾಯಿಗಿಟ್ಟು, ಕಣ್ಣೊರೆಸಿಕೊಂಡರು. ಆ ಮುದುಕಿಯ ಗಡಸು ಅಂಗೈ ನನ್ನ ಗಲ್ಲದ ಮೇಲೆ ಆಡಿದಾಗ ನನಗೂ ಅಳು ಬಂತು. ಎಲ್ಲ ಶಕ್ಕು ಮರೆತು, ಹೌದು, ಅಂದು ನಾನು ಸಂತೋಷಪಟ್ಟೆ.

ಮಧ್ಯಾಹ್ನದ ಡಬ್ಬಿಯ ಜೊತೆ ಸುದ್ದಿಯೂ ಅಂಗಡಿಗೆ ಹೋಯಿತು. ಐದು ವರ್ಷದಲ್ಲಿ ಮೊದಲ ಸಲ ನಮ್ಮವರು ಕೆಲಸದ ದಿನ ಹಗಲಲ್ಲಿ ಮನೆಗೆ ಬಂದರು. ಓಡಿ ಬಂದಿರಬೇಕು ಎಂದುಕೊಂಡು ನಾನು ಎದ್ದು ನಿಂತೆ. ಅವರ ಮುಖ ಅರಳಲಿಲ್ಲ, ಮುಚ್ಚಿಕೊಂಡಿತು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಅಳತೆ ತೆಗೆಯುವವರ ದನಿಯಲ್ಲಿ ಕೇಳಿದರು.

"ಮಂಠಾಳಕ್ಕ ಲಗ್ನಕ್ಕ ಹೋಗಿದ್ದ್ಯಲ್ಲ. ಅಲ್ಲಿ ಎಷ್ಟ ದಿನಾ ಇದ್ದಿ?"

ಮಾತು ನನಗೆ ಕೂಡಲೇ ತಲೆಗೆ ಹತ್ತಲಿಲ್ಲ. ಹತ್ತಿದಾಗ ಕೈಗೆ ಸಿಕ್ಕ ಗುಂಡಿಯ ಡಬ್ಬಿಯನ್ನು ಎತ್ತಿ ಗೋಡೆಗೆ ಎಸೆದೆ. ಗುಂಡಿಗಳು ಮನೆತುಂಬ ಚೆಲ್ಲಾಡಿದವು. "ಹುಮನಾಬಾದಿಗಿ ಹೋಗವ್ರು ನೀವು. ಬೆನ್ನ ಸುಟ್ಟುಕೊಂಡು ಬರವ್ರು ನೀವು. ಲೆಕ್ಕ ನಂದು ಕೇಳ್ತೀರೇನ್ರಿ?" ಎಂದೆ. ಅವರು ಬಗ್ಗಿ ಗುಂಡಿಗಳನ್ನು ಆರಿಸತೊಡಗಿದರು. ಅದಕ್ಕೇ ನನಗೆ ಇನ್ನಷ್ಟು ರೇಗಿತು.

ಎರಡು ದಿನ ಕಳೆಯುವಷ್ಟರಲ್ಲಿ ಮುಟ್ಟಾದೆ. ಅತ್ತೆ ಒಲೆ ಹಚ್ಚದೆ ಗೋಡೆಗೊರಗಿ ಕೂತುಬಿಟ್ಟರು. ನನಗೆ ಅಳಲಿಕ್ಕೂ ಬರಲಿಲ್ಲ, ಹೊಟ್ಟೆಯೊಳಗೆ ಖಾಲಿ ಕೊಡ ಇಟ್ಟ ಹಾಗಾಗಿತ್ತು. ನಮ್ಮವರಿಗೆ ಹೇಳಿದಾಗ ಅವರು ಉಸಿರು ಬಿಟ್ಟರು. ಅದು ದುಃಖದ ಉಸಿರಲ್ಲ. ಭಾರ ಇಳಿಸಿದವರು ಬಿಡುವ ಉಸಿರು. ನಾನು ನೋಡಿದೆ, ತಪ್ಪಿ ನೋಡಲಿಲ್ಲ. ಹೆಂಡತಿ ಬಸಿರಲ್ಲ ಎಂದರೆ ನಿರಾಳವಾಗುವ ಗಂಡನಿಗೆ ಇನ್ನೊಂದು ಮನೆ ಇರಲೇಬೇಕು.

ಗುರುವಾರ ಅವರಿಗಿಂತ ಮೊದಲು ನಾನೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತೆ.

"ನೀ ಎಲ್ಲಿಗಿ?"

"ಅಸ್ತರ್ ಆರಿಸಾಕ. ನಂಗೂ ಬಟ್ಟಿ ತಿಳೀತದ."

ಅವರು ಬೇಡ ಎನ್ನಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ನನ್ನನ್ನು ಕೂಡಿಸಿ, ಹೈವೇ ಕೂಡುವ ಬಂಗ್ಲಾ ಸ್ಟಾಪು ದಾಟಿದ ಮೇಲೆ "ಸಿಟ್ಟಿಗೇಳಬ್ಯಾಡ" ಎಂದರು. ಏಳುವುದೋ ಬಿಡುವುದೋ ಅವಳ ಮುಖ ನೋಡಿದ ಮೇಲೆ ಎಂದುಕೊಂಡೆ. ಹುಮನಾಬಾದಿನಲ್ಲಿ ಇಳಿದರೆ ಪೇಟೆಯ ಕಡೆ ತಿರುಗಲಿಲ್ಲ. ಶೇರ್ ಆಟೋ ಹಿಡಿದು ಹುಡಗಿ ಎಂಬ ಹಳ್ಳಿಗೆ ಹೋದೆವು. ಊರ ಹೊರಗೆ ಅವರ ಹಳೆಯ ಗಿರಾಕಿಯೊಬ್ಬರ ತೊಗರಿ ಹೊಲ. ಬದುವಿನ ತುಂಬ ಉತ್ತರಾಣಿ. ನಾನು ಸೀರೆ ಎತ್ತಿ ಹಿಡಿದು, ನತ್ತಿನವಳು ಯಾವ ಸಾಲಿನಿಂದ ಹೊರಬರುತ್ತಾಳೆ ಎಂದು ನೋಡುತ್ತಾ ನಡೆದೆ.

ಯಾರೂ ಬರಲಿಲ್ಲ. ಬಾವಿಯ ಕಟ್ಟೆಯ ಹತ್ತಿರ ನಮ್ಮವರು ನಿಂತು, ಸುತ್ತ ನೋಡಿ, ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದರು. ಅಂಗಿಯನ್ನು ಮಡಿಕೆ ತಪ್ಪದ ಹಾಗೆ ಮಡಚಿ ಕಟ್ಟೆಯ ಮೇಲಿಟ್ಟರು. ಬನಿಯನ್ ತೆಗೆದು ಅದರ ಮೇಲಿಟ್ಟರು. ಆಮೇಲೆ ಸೂರ್ಯನಿಗೆ ಬೆನ್ನು ಕೊಟ್ಟು ಕಲ್ಲಿನ ಮೇಲೆ ಕೂತರು. ಶಾಲೆಯಲ್ಲಿ ಶಿಕ್ಷೆಗೆ ಕೂತ ಮಗುವಿನ ಹಾಗೆ ತೊಡೆಯ ಮೇಲೆ ಕೈ ಇಟ್ಟುಕೊಂಡಿದ್ದರು.

"ಇಷ್ಟೇ ನೋಡು" ಎಂದರು.

ನಾನು ನಿಂತೇ ಇದ್ದೆ. ಅವರು ನನ್ನ ಕಡೆ ತಿರುಗದೆ, ಎದುರಿಗಿನ ತೊಗರಿಯ ಸಾಲಿಗೆ ಹೇಳುವ ಹಾಗೆ ಹೇಳಿದರು. ಯುಗಾದಿಯ ಮಾತು ನಾನು ಹೇಳಿದ ವಾರವೇ ಅವರು ಹುಮನಾಬಾದಿಗೆ ಬಂದು ಪರೀಕ್ಷೆ ಮಾಡಿಸಿಕೊಂಡಿದ್ದರು. ನಮ್ಮ ಊರಲ್ಲಿ ಮಾಡಿಸುವ ಹಾಗಿರಲಿಲ್ಲ. ಊರಿನ ಲ್ಯಾಬಿನವರಿಂದ ಹಿಡಿದು ಕಂಪೌಂಡರ್ ತನಕ ಎಲ್ಲರ ಸೊಂಟದ ಅಳತೆ ಅವರ ಟೇಪಿನಲ್ಲಿದೆ. ವೀರ್ಯದಲ್ಲಿ ಕಣ ಕಡಿಮೆ ಇವೆ, ಇದ್ದವೂ ಸರಿಯಾಗಿ ಓಡಾಡುತ್ತಿಲ್ಲ ಎಂದಿದ್ದರು ಹುಮನಾಬಾದಿನ ಡಾಕ್ಟರಮ್ಮ. ರಕ್ತ ನೋಡಿದರೆ ವಿಟಮಿನ್ ಡಿ ತಳ ಮುಟ್ಟಿತ್ತು. ಬಿಸಿಲು ಕಾಣದ ಮೈ. ಅದಕ್ಕೆ ಪುಡಿಯ ಪಾಕೀಟು ಬರೆದುಕೊಟ್ಟು, ಹಾಲಿನಲ್ಲಿ ಕಲಸಿ ವಾರಕ್ಕೊಂದು ಕುಡಿಯಿರಿ, ಸ್ವಲ್ಪ ಬಿಸಿಲಿಗೂ ಕೂತುಕೊಳ್ಳಿ ಎಂದಿದ್ದರು.

"ಪುಡಿ" ಎಂದೆ ನಾನು. ಬಾಯಲ್ಲಿ ಕಿತ್ತಳೆಯ ರುಚಿ ಬಂದ ಹಾಗಾಯಿತು. "ಎಲ್ಲಿ ಅದ ಆ ಪುಡಿ?"

ಅವರು ತಲೆ ಇನ್ನಷ್ಟು ತಗ್ಗಿಸಿದರು. "ಡಬ್ಬಿ ಚೀಲದಾಗ ಇಟ್ಟಿದ್ದೆ. ಅವ್ವ ಡಬ್ಬಿ ತೊಳೀಲಾಕ ತಗದಾಗ ಸಿಕ್ಕಾವ. ಇದೇನೋ ಅಂದ್ಳು. ಮಕ್ಕಳಾಗಾಕ ಡಾಕ್ಟರ್ ಕೊಟ್ಟಾರ, ವಾರಕ್ಕೊಂದು ಹಾಲಾಗ ಅಂದೆ. ಯಾರಿಗಿ ಅಂತ ಆಕಿ ಕೇಳಲಿಲ್ಲ. ಚಲೋ ಆತು ತಗೋ ಅಂತ ತನ್ನ ಸೆರಗಿಗಿ ಕಟ್ಟಿಕೊಂಡ್ಳು. ನಂಗ ಬಾಯಿ ಬರಲಿಲ್ಲ."

ನೋಡಿ, ಇದು ನಮ್ಮ ಮನೆಯಲ್ಲಿ ಮಾತ್ರ ಆಗುವ ತಪ್ಪು ಎಂದು ಆಗ ಅನಿಸಿತ್ತು. ಈಗ ಹಾಗೆ ಅನಿಸುವುದಿಲ್ಲ. ನಮ್ಮ ಕಡೆಯ ಹತ್ತು ಮನೆಯಲ್ಲಿ ಈ ಪಾಕೀಟು ಇಟ್ಟು, ಮಕ್ಕಳಾಗುವ ಔಷಧ ಎಂದು ಹೇಳಿ ನೋಡಿ. ಹತ್ತೂ ಮನೆಯಲ್ಲಿ ಅದು ಸೊಸೆಯ ಗ್ಲಾಸಿಗೇ ಬೀಳುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಆ ಎಮ್ಮೆ ನಾನು.

"ನಾ ಕುಡಿಯೂದು ನೋಡಕೋತ ಕುಂತಿದ್ದಿರಲ್ರೀ" ಎಂದೆ. "ದಿನಾ ಮುಂಜಾನಿ."

ಅವರು ಥಟ್ಟನೆ ತಿರುಗಿದರು. "ದಿನಾ ಅಂದ್ರ? ಅದು ವಾರಕ್ಕೊಂದು. ನಿಂಗೂ ಎಲುಬಿಗಿ ಚಲೋ ಅದ, ಏನ್ ಆಗ್ತದ ಅಂತ ನಾ ಸುಮ್ನಿದ್ದೆ. ನೀ ದಿನಾ ಬರೀ ಹಾಲು ಕುಡೀತಿ ಅಂತ ತಿಳದೀನಿ."

"ದಿನಾ ಪುಡಿನೇ. ತಳದಾಗ ಕಾಳ ಕಾಣ್ತಿದ್ದವು."

ಅವರ ಮುಖದ ಬಣ್ಣ ಇಳಿದದ್ದು ಆ ಬಿಸಿಲಲ್ಲೂ ಕಂಡಿತು. ವಾರಕ್ಕೊಂದು ಕೊಟ್ಟರೆ ಮುಗಿಯುವಷ್ಟರಲ್ಲಿ ಯುಗಾದಿಯೇ ಬಂದುಬಿಡುತ್ತದೆ, ದಿನಾ ಕೊಟ್ಟರೆ ಬೇಗ ಫಲ ಕೊಡುತ್ತದೆ ಎಂದು ಅತ್ತೆ ಲೆಕ್ಕ ಹಾಕಿದ್ದರಂತೆ. ಪಾಕೀಟು ಮುಗಿದಾಗ ಖಾಲಿ ಪಾಕೀಟು ತೋರಿಸಿ ಔಷಧ ಅಂಗಡಿಯಿಂದ ಮತ್ತೆ ತಂದಿದ್ದರು. ಇದು ನಮಗೆ ತಿಳಿದದ್ದು ಆಮೇಲೆ. ನಮ್ಮವರು ಅಂಗಿಯನ್ನು ತಪ್ಪು ಗುಂಡಿಗೆ ತಪ್ಪು ಕಾಜಾ ಹಾಕಿಕೊಂಡು, ನನ್ನನ್ನು ಕರೆದುಕೊಂಡು ಆಟೋ ಕಡೆ ಹೆಚ್ಚುಕಡಿಮೆ ಓಡಿದರು. ಅವರು ಸೊಟ್ಟ ಗುಂಡಿಯಲ್ಲಿ ಊರು ಹೊಕ್ಕದ್ದು ಅದೊಂದೇ ದಿನ.

ಹುಮನಾಬಾದಿನ ಡಾಕ್ಟರಮ್ಮ ನನ್ನ ಮಾತನ್ನು ಪೂರ್ತಿ ಕೇಳಿ ಕನ್ನಡಕ ತೆಗೆದಿಟ್ಟರು. "ಇದು ಶಕ್ತಿ ಪುಡಿ ಅಲ್ರಿ. ಹೆಚ್ಚಾದ್ರ ರಕ್ತದಾಗ ಕ್ಯಾಲ್ಸಿಯಂ ಏರ್ತದ. ಬಾಯಿ ಒಣಗೂದು, ವಾಂತಿ ಆಗೂದು ಅದರಿಂದನ ಇರಬಹುದು. ಇವತ್ತೇ ನಿಲ್ಲಸ್ರಿ" ಎಂದು ರಕ್ತ ತೆಗೆಸಿದರು. ಕ್ಯಾಲ್ಸಿಯಂ ತುಸು ಏರಿತ್ತು. ಮುಂದೆ ತಾನಾಗಿ ಇಳಿಯಿತು.

ನಾನು ಸುಮ್ಮನಿರುವವಳಲ್ಲವಲ್ಲ. ಆ ಪುಡಿಯ ಮೇಲೂ ನನಗೆ ಶಕ್ಕು. "ಇದು ಕುಡದ್ರ ಇವರಿಗಿ ಮಕ್ಕಳಾಗ್ತಾವೇನ್ರಿ? ಖರೇ ಹೇಳ್ರಿ" ಎಂದೆ.

"ಖರೇ ಹೇಳ್ಬೇಕಂದ್ರ ನಂಗ ಗೊತ್ತಿಲ್ರಿ" ಎಂದರು ಅವರು. "ಡಿ ಕಡಮಿ ಇದ್ದ ಕೆಲವು ಗಂಡಸರೊಳಗ ಕಣಗಳ ಚಲನಾನೂ ಕಡಮಿ ಇರ್ತದ ಅಂತಾರ. ಡಿ ತುಂಬಿದ್ರ ಎಲ್ಲಾ ಸರಿ ಆಗ್ತದ ಅಂತ ಪಕ್ಕಾ ಆಗಿಲ್ಲ. ಆದ್ರ ಇವರ ಮೈಯಾಗ ಡಿ ಇಲ್ಲ, ಅದನ್ನ ತುಂಬಲೇಬೇಕು. ತಂಬಾಕ ಬಿಡಬೇಕು. ಕುಂತಲ್ಲೇ ಕುಂದ್ರಬಾರದು. ಮೂರು ತಿಂಗಳ ಬಿಟ್ಟು ಮತ್ತ ಪರೀಕ್ಷಾ ಮಾಡೂಣು." ಆಮೇಲೆ ನಮ್ಮವರ ಕಡೆ ತಿರುಗಿದರು. "ಕಡಮಿ ಅಂದ್ರ ಇಲ್ಲೇ ಇಲ್ಲ ಅಂತ ಅಲ್ರಿ. ಅವತ್ತೂ ಹೇಳಿದ್ದೆ. ನೀವು ಪೂರಾ ಕೇಳದ ಎದ್ದು ಹೋದ್ರಿ."

ಮಂಠಾಳದ ದಿನಗಳ ಲೆಕ್ಕ ಎಲ್ಲಿಂದ ಬಂತು ಎಂದು ಆಗ ನನಗೆ ಅರ್ಥವಾಯಿತು. ತನ್ನಿಂದ ಆಗುವುದೇ ಇಲ್ಲ ಎಂದು ತಿಳಿದ ಗಂಡಸು, ಹೆಂಡತಿ ಬಸಿರು ಎಂದು ಕೇಳಿದರೆ ಏನು ಯೋಚಿಸುತ್ತಾನೆ? ಯೋಚನೆ ಅರ್ಥವಾಯಿತು, ಆದರೆ ಅದನ್ನು ನಾನು ಕ್ಷಮಿಸಿಬಿಟ್ಟೆ ಎಂದು ಹೇಳಲಾರೆ. ಬಸ್ಸಿನಲ್ಲಿ ಬರುವಾಗ ಅವರಿಗೆ ಒಂದೇ ಮಾತು ಹೇಳಿದೆ. "ನಿಮ್ಮ ರಕ್ತಾ, ನಿಮ್ಮ ಕಣ, ಅದಕ್ಕ ನಂಗ ಸಿಟ್ಟಿಲ್ಲ. ಯುಗಾದಿಗಿ ಹಿರಿಯರು ಬರ್ತಾರ. ಅವರ ಮುಂದ ನಾ ಬಂಜಿ ಅಂತ ಕುಂದ್ರಾಕಿ ಅಲ್ಲ. ಹೇಳೋರು ನೀವು."

ಅವರು ಮನೆಗೆ ಬಂದು ಅತ್ತೆಗೆ ಹೇಳಿದ್ದು ಇಷ್ಟೇ: ದಿನಾ ಕೊಡಬಾರದಂತೆ, ವಾರಕ್ಕೊಂದೇ ಅಂತೆ. ಅಷ್ಟು ಹೇಳಿ ಅಂಗಡಿಗೆ ಇಳಿದುಹೋದರು. ಇಡೀ ವಾರ ನಾನು ಅವರ ತುಟಿಯನ್ನೇ ಕಾದೆ. ಈ ಮನುಷ್ಯ ಬಾಯಿ ಬಿಡುವುದಿಲ್ಲ, ಕೊನೆಗೆ ನನ್ನನ್ನೇ ಬಸ್ಸು ಹತ್ತಿಸುತ್ತಾನೆ ಎಂದು ಟ್ರಂಕಿನ ಮೇಲಿನ ಅಸ್ತರ್ ಇಳಿಸಿ, ನನ್ನ ಸೀರೆಗಳನ್ನು ಒಂದು ಕಡೆ ಮಾಡಿಟ್ಟೆ.

ಮುಂದಿನ ಗುರುವಾರ ಬೆಳಿಗ್ಗೆ ಅತ್ತೆ ಎಂದಿನಂತೆ ಹಾಲು ತಂದರು. ಒಂದು ಪಾಕೀಟು ಹರಿದು ಸುರಿದು, ಚಮಚದಿಂದ ತಿರುಗಿಸಿ, ಗ್ಲಾಸನ್ನು ನನ್ನ ಕಡೆ ಚಾಚಿದರು. ನಾನು ಕೈ ಮುಂದೆ ಮಾಡಲಿಲ್ಲ. ನಮ್ಮವರು ಬೂಟಿನ ದಾರ ಕಟ್ಟುತ್ತಾ ಕೂತಿದ್ದರು.

"ತಗೋ ತಂಗಿ. ವಾರಕ್ಕೊಂದೇ ಅಂದಾರ, ಇವತ್ತ ಬಿಡಬ್ಯಾಡ."

ಒಂದು ಕಾಲಿಗೆ ಬೂಟು, ಒಂದು ಬರಿಗಾಲು, ಹಾಗೆಯೇ ನಮ್ಮವರು ಎದ್ದು ಬಂದರು. ತಾಯಿಯ ಕೈಯಿಂದ ಗ್ಲಾಸು ತೆಗೆದುಕೊಂಡು ನಿಂತ ನಿಲುವಿನಲ್ಲೇ ಕುಡಿದರು. ತಳದಲ್ಲಿ ಉಳಿದ ಕಾಳನ್ನು ನೀರು ಹಾಕಿ ಅಲುಗಾಡಿಸಿ ಅದನ್ನೂ ಕುಡಿದರು.

"ಯವ್ವಾ, ಇದು ನಂದು" ಎಂದರು. "ಮೊದಲಿಂದಾನೂ ನಂದೇ. ಆಕಿಗಿ ಏನೂ ಆಗಿಲ್ಲ."

ಅತ್ತೆಯ ಕೈ ಚಾಚಿದ್ದು ಹಾಗೆಯೇ ಇತ್ತು. ಮಗನನ್ನು ನೋಡಿದರು, ನನ್ನನ್ನು ನೋಡಿದರು. ಖಾಲಿ ಗ್ಲಾಸು ಇಸಿದುಕೊಂಡು ಒಳಗೆ ಹೋಗಿ ಬಹಳ ಹೊತ್ತು ಅದೊಂದನ್ನೇ ತಿಕ್ಕಿದರು. ಆ ದಿನ ಊಟಕ್ಕೆ ಕರೆಯಲೂ ಇಲ್ಲ, ಬೈಯಲೂ ಇಲ್ಲ. ಮಗ ಹೆಂಡತಿಯ ಮಾತು ಕೇಳಿ ಸುಳ್ಳು ಹೇಳುತ್ತಿದ್ದಾನೆ ಎಂದು ಇವರು ತಿಳಿದಿರಬೇಕು, ಚಿಟಗುಪ್ಪಕ್ಕೆ ಫೋನು ಹೋಗುತ್ತದೆ ಎಂದು ನಾನು ಕಿವಿಯನ್ನು ಬಾಗಿಲಿಗೆ ಅಂಟಿಸಿಕೊಂಡೇ ಕಾಜಾ ಮಾಡಿದೆ. ಫೋನಿನ ಸದ್ದು ಬರಲಿಲ್ಲ.

ಅವು ಸಂಡಿಗೆ ಹಪ್ಪಳದ ದಿನಗಳು. ಆ ದಿನಗಳಲ್ಲಿ ನಮ್ಮ ಓಣಿಯ ಮಾಳಿಗೆಗಳೆಲ್ಲ ಹೆಂಗಸರವು.‌ ಸಾಲು ಮಾಳಿಗೆ, ನಡುವೆ ಮೊಣಕಾಲೆತ್ತರದ ಗೋಡೆ. ಮಧ್ಯಾಹ್ನ ಗಂಡಸರು ಮೇಲೆ ಹತ್ತುವ ರೂಢಿಯೇ ಇಲ್ಲ, ಹತ್ತಿದರೂ ಕೆಮ್ಮಿ ಹತ್ತುತ್ತಾರೆ. ಬಿಸಿಲು ನಮ್ಮ ತಲೆಯ ಮೇಲೇ ಇದ್ದರೂ ನಮ್ಮವರು ಹುಡಗಿಯ ಹೊಲದ ತನಕ ಹೋಗಿದ್ದು ಅದಕ್ಕೇ. ಇದೆಲ್ಲವನ್ನೂ ಅವರು ಅಷ್ಟರಲ್ಲಿ ತಾಯಿಗೂ ಹೇಳಿದ್ದರಂತೆ.

ಭಾನುವಾರ ಮಧ್ಯಾಹ್ನ ಅತ್ತೆ ಮಾಳಿಗೆಗೆ ಹತ್ತಿದರು. ಸಂಡಿಗೆ ತಿರುವಿ ಹಾಕಲು ನಾನೂ ಹಿಂದೆ ಹೋದೆ. ಅವರು ಹಾಸಿದ್ದ ಹಳೆಯ ಧೋತರವನ್ನು ಸಂಡಿಗೆ ಸಮೇತ ಒಂದು ಮೂಲೆಗೆ ಎಳೆದು, ಖಾಲಿಯಾದ ಜಾಗಕ್ಕೆ ಒಂದು ಮಣೆ ಇಟ್ಟರು. ಮೆಟ್ಟಿಲ ಕಡೆ ಬಗ್ಗಿ, "ಬಾ ಮ್ಯಾಲ. ಅಷ್ಟ ದೂರ ಯಾಕ ಹೋಗ್ತಿ" ಎಂದರು. ನಮ್ಮವರು ಕೆಮ್ಮುತ್ತಾ ಬಂದರು. ಅತ್ತೆ ಎದುರಿಗೇ ನಿಂತಿದ್ದರಿಂದ ಬೇರೆ ದಾರಿ ಇಲ್ಲದೆ ಗುಂಡಿ ಬಿಚ್ಚಿ, ಸೂರ್ಯನಿಗೆ ಬೆನ್ನು ಕೊಟ್ಟು ಮಣೆಯ ಮೇಲೆ ಕೂತರು. ಕಿವಿ ಕೆಂಪಾಗಿತ್ತು.

ಪಕ್ಕದ ಮಾಳಿಗೆಯಲ್ಲಿ ಹಪ್ಪಳ ಹಾಕುತ್ತಿದ್ದ ಹೆಂಗಸರು ಸೆರಗು ಬಾಯಿಗೆ ಹಿಡಿದರು. ನಳದ ಹತ್ತಿರ ನನ್ನ ಹೊಟ್ಟೆ ನೋಡಿ ಸುದ್ದಿ ಕೇಳುವವರೇ ಅವರು. ಅವರಲ್ಲಿ ಹಿರಿಯವಳು, "ಇದೇನವಾ, ಟೇಲರಪ್ಪ ಬಿಸಲಾಗ ಬರೀ ಮೈಯಾಗ ಕುಂತಾನ?" ಎಂದು ಕೇಳಿ ನನ್ನ ಕಡೆ ನೋಡಿದಳು.

ನಾನು ಸಂಡಿಗೆಯ ಮೇಲೆ ಬಗ್ಗಿದೆ. ಅತ್ತೆ ಏನು ಹೇಳುತ್ತಾರೆ ಎಂದು ನನಗೆ ಗೊತ್ತಿತ್ತು. ಮೈನೋವು ಎನ್ನುತ್ತಾರೆ, ಥಂಡಿ ಎನ್ನುತ್ತಾರೆ, ಮಗನ ಬೆನ್ನಿಗೆ ಏನೋ ಒಂದು ಅಸ್ತರ್ ಹಚ್ಚುತ್ತಾರೆ.

ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡರು. "ಮಕ್ಕಳಾಗಾಕ ಔಷಧ ನಡದದವಾ" ಎಂದರು. "ನನ್ನ ಮಗಂದು. ನಮ್ಮ ಸೊಸಿಗಿ ಏನೂ ಆಗಿಲ್ಲ."

ಆ ಸಾಲಿನ ಕಟ್ಟಕಡೆಯ ಮಾಳಿಗೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. ಹೇಳಿ, ನನ್ನ ಪಕ್ಕಕ್ಕೆ ಬಂದು ಕೂತು ಸಂಡಿಗೆ ತಿರುವತೊಡಗಿದರು. ಆ ಮಾತನ್ನು ನಾನು ನನ್ನ ಚಾಳಿಯಂತೆ ಹಿಂದೆ ಮುಂದೆ ತಿರುಗಿಸಿ ನೋಡಿದೆ. ಶಕ್ಕು ಪಡಲು ಅದರಲ್ಲಿ ಏನೂ ಇರಲಿಲ್ಲ.